ಮೂರು ಸಲ ಕೇಳಬೇಕಾದ ಗಂಡು

"ಈ ಕತ್ತಿಯಲ್ಲಿ ಮೂಳೆ ಕಡಿದವರು ಯಾರು?"

ಹಲಗೆಯ ಮೇಲಿಟ್ಟ ಅಡುಗೆಮನೆಯ ಕತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದವನು, ತಂದವಳ ಮುಖವನ್ನೂ ನೋಡದೆ ಗದರಿದ.

ನೆಲ್ವಿಯ ಎದೆ ಧಸಕ್ಕೆಂದಿತು.

ಆ ದನಿ!

ಸಂತೆಬೀದಿಯ ಈ ಕುಲುಮೆ ಹೊಸದು. ಅವಳು ಊರು ಬಿಟ್ಟಾಗ ಇಲ್ಲಿ ಟೈರಿನ ಅಂಗಡಿ ಇತ್ತು. ಯಾರೋ ಮುದುಕ ಕಮ್ಮಾರನಿರಬೇಕು ಅಂದುಕೊಂಡು ನೇರ ನುಗ್ಗಿದ್ದಳು. ಅಮ್ಮನಾದರೂ ಒಂದು ಮಾತು ಹೇಳಬಾರದಿತ್ತೆ?

"ನಮ್ಮಮ್ಮ..." ಎಂದಳು. "ರೆಂದಾಂಗ್ ಅಡುಗೆಗೆ ಮಾಂಸ ಕಡಿಯೋವಾಗ..."

"ನಿಮ್ಮಮ್ಮನಿಗೆ ಹೇಳಿ, ಇದು ಜಪಾನಿನ ಉಕ್ಕು. ಮೀನು ಸೀಳೋಕೆ ಮಾಡಿದ್ದು, ಎಮ್ಮೆ ಮೂಳೆ ಒಡೆಯೋಕಲ್ಲ! ಕತ್ತಿಗೂ ಒಂದು ಮರ್ಯಾದೆ ಅಂತ ಬೇಡ್ವಾ..."

ಆಗ ತಿರುಗಿದ. ಮಾತು ಅಲ್ಲೇ ನಿಂತಿತು.

ಅಡೆಗಲ್ಲಿನ ಮೇಲಿದ್ದ ಕುಡುಗೋಲಿನ ಕಬ್ಬಿಣ ಹಳದಿಗೆ ಕಾದಿತ್ತು. ಅವರಿಬ್ಬರೂ ನೋಡುತ್ತ ನಿಂತಿದ್ದಂತೆಯೇ ಅದು ಕೆಂಪಾಯಿತು. ಆಮೇಲೆ ಕಪ್ಪಾಯಿತು. ಕಮ್ಮಾರ ಮಸ್ರುಲ್ ಕಾದ ಕಬ್ಬಿಣವನ್ನು ಆರಲು ಬಿಟ್ಟದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಅವತ್ತು ಕಂಡರು.

"ಯಾವಾಗ ಬಂದೆ?"

"ಮೊನ್ನೆ."

"ಎಷ್ಟು ದಿನ ಇರ್ತೀಯ?"

"ಎಪ್ಪತ್ತು ದಿನ ರಜೆ. ಆರು ವರ್ಷದ್ದು ಒಟ್ಟಿಗೆ ತಗೊಂಡೆ."

"ಹೂಂ... ದೊಡ್ಡವರಿಗೆ ದೊಡ್ಡ ರಜೆ."

ಚುಚ್ಚಿದ! ಬೇಕೆಂದೇ ಚುಚ್ಚಿದ. ನೆಲ್ವಿಯ ಕಿವಿ ಬಿಸಿಯಾಯಿತು.

"ಕತ್ತಿ ಆಗುತ್ತಾ, ಇಲ್ವಾ? ಅಷ್ಟು ಹೇಳಿ ಸಾಕು."

"ಆಗುತ್ತೆ. ಬುಧವಾರ ಬಾ." ಅವನು ಇಕ್ಕಳ ಎತ್ತಿಕೊಂಡು ಬೆಂಕಿಯ ಕಡೆ ತಿರುಗಿದ. ಮುಖ ಅವಳಿಗೆ ಕಾಣಬಾರದಲ್ಲ!

ಕಾಣಲಿಲ್ಲ. ಅವಳಾಗಲೇ ಬೀದಿಯ ಅರ್ಧ ದಾಟಿದ್ದಳು. ಅಳು ಬರುತ್ತಿತ್ತು. ಅಳುವುದಿಲ್ಲ ಎಂದು ಹಲ್ಲು ಕಚ್ಚಿದ್ದಳು. 'ನನ್ನನ್ನು ಬೇಡ ಅಂದವನಿಗಾಗಿ, ಆರು ವರ್ಷ ಆದಮೇಲೂ ನಾನು ಅಳಬೇಕಾ? ಥೂ!'

*

ಪಾದಾಂಗ್ ಸೀಮೆಯ ಈ ನೆಲದಲ್ಲಿ ಗಂಡು ಬಂದು ಹೆಣ್ಣನ್ನು ಕೇಳುವುದಿಲ್ಲ. ಮನೆ ಹೆಣ್ಣಿನದು, ಗದ್ದೆ ಹೆಣ್ಣಿನದು, ಕುಲದ ಹೆಸರೂ ತಾಯಿಯಿಂದ ಬರುವುದು. ಗಂಡನೂ ಅಷ್ಟೇ. ಹೆಣ್ಣಿನ ಕಡೆಯವರು ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯ ಹೊತ್ತು, ಗಂಡಿನ ತಾಯಿಯ ಬಾಗಿಲಿಗೆ ಹೋಗಿ, ಕೇಳಿ ತರಬೇಕಾದವನು. ಮದುವೆಯಾದ ಮೇಲೆ ಅವನು ಬಂದು ಇರುವುದೂ ಅವಳ ಮನೆಯಲ್ಲೇ.

ಆರು ವರ್ಷದ ಹಿಂದೆ, ಇಪ್ಪತ್ತಮೂರರ ನೆಲ್ವಿ ಅಮ್ಮನ ಕಿವಿಯಲ್ಲಿ ಒಂದು ಹೆಸರು ಹೇಳಿದ್ದಳು. ಮಸ್ರುಲ್. ಗುಡ್ಡದ ಆಚೆ, ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನವನು. ಸಂತೆಯಲ್ಲಿ ತನ್ನ ಸೋದರಮಾವನ ಜೊತೆ ಕಬ್ಬಿಣ ಬಡಿಯಲು ಬರುತ್ತಿದ್ದವನು. ಎಂಟನೆಯ ತರಗತಿಗೇ ಶಾಲೆ ಬಿಟ್ಟಿದ್ದ. ಆದರೆ ಅವನು ಬಡಿದ ಗುದ್ದಲಿಯನ್ನು ಜನ ಮಗನಿಗೆ ಬಿಟ್ಟು ಸಾಯುತ್ತಿದ್ದರು, ಅಷ್ಟು ಬಾಳುತ್ತಿತ್ತು!

ಅಮ್ಮ ರೊಸ್ನಿದಾ ತನ್ನ ಅಣ್ಣನಿಗೆ ಹೇಳಿದಳು. ಕುಲಕ್ಕೆ ಹಿರಿಯ, ಪಟ್ಟ ಹೊತ್ತ ದಾತುಕ್. ಊರೆಲ್ಲ ಅವನನ್ನು ಪಟ್ಟದ ಹೆಸರಿನಲ್ಲೇ ಕರೆಯುತ್ತಿತ್ತು, ನೆಲ್ವಿಗೆ ಮಾತ್ರ ಅವನು ಮಾವ. ದಾತುಕ್ ಕಪ್ಪು ರುಮಾಲು ಸುತ್ತಿ, ಇಬ್ಬರು ಹಿರಿಯರ ಜೊತೆ ತಟ್ಟೆ ಹೊತ್ತು ಗುಡ್ಡ ದಾಟಿದ. ಸಂಜೆಗೆ ವಾಪಸು ಬಂದ. ಎಲೆಗಳು ಹಾಗೇ ಇದ್ದವು. ಒಂದನ್ನೂ ಯಾರೂ ಮುಟ್ಟಿರಲಿಲ್ಲ.

"ಹುಡುಗ ಇನ್ನೂ ಕಬ್ಬಿಣ ಬಡೀತಿದಾನೆ, ಈಗಲೇ ಏನು ಹೇಳೋದು... ಅಂದ್ಳು ಅವರಮ್ಮ. ಮುಗೀತು ಬಿಡಿ. ಒಂದು ಸಲ ಕೇಳಿದ್ವಿ, ಒಂದು ಸಲ ಇಲ್ಲ ಅಂದ್ರು."

ಅಷ್ಟೇ. ಈ ಊರಿನಲ್ಲಿ ಎರಡನೆಯ ಸಲ ಕೇಳುವುದು ಭಿಕ್ಷೆ.

ಊರಿನ ಬಾಯಿಗೆ ಹಬ್ಬವಾಯಿತು. 'ಶಾಲೆ ಬಿಟ್ಟ ಕಮ್ಮಾರ, ನರ್ಸು ಓದಿದವಳನ್ನ ಒಲ್ಲೆ ಅಂದ್ನಂತೆ!' ನಗುವುದಕ್ಕೆ ಆ ಜನಕ್ಕೆ ಇನ್ನೊಬ್ಬರ ಮನೆಯ ಹೆಣ್ಣೇ ಆಗಬೇಕು. ಅವರ ಮನೆಯ ತಟ್ಟೆ ಎಷ್ಟು ಬಾಗಿಲಿಂದ ವಾಪಸು ಬಂದಿತ್ತೋ, ಅದನ್ನು ಯಾರೂ ಹೇಳುವುದಿಲ್ಲ. ಇಪ್ಪತ್ತೆರಡು ದಿನಕ್ಕೆ ನೆಲ್ವಿ ಪಾದಾಂಗ್‌ನಿಂದ ವಿಮಾನ ಹತ್ತಿದಳು. ಜಪಾನಿನ ನಗೋಯಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ.

*

ಮನೆಯಲ್ಲಿ ಮೊದಲ ವಾರ ನಗುವಿನಲ್ಲೇ ಕಳೆಯಿತು.

ನಡುಮನೆಯ ಗೋಡೆಯ ಮೇಲೆ ಅವಳ ಜಪಾನೀ ಸರ್ಟಿಫಿಕೇಟು, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ. ನೆಲ್ವಿ ಒಂದು ನಿಮಿಷ ನೋಡಿದಳು. ಹೊಟ್ಟೆ ಹಿಡಿದು ನಕ್ಕಳು.

"ಅಮ್ಮಾ! ತಲೆಕೆಳಗಾಗಿ ಹಾಕಿದ್ದೀಯಲ್ಲೇ!"

"ಹೌದಾ?" ರೊಸ್ನಿದಾ ಸೌಟು ಹಿಡಿದುಕೊಂಡೇ ಓಡಿಬಂದಳು. "ಎರಡು ವರ್ಷದಿಂದ ಇಡೀ ಊರು ಬಂದು ನೋಡಿ ಹೋಗಿದೆ. ಮೇಷ್ಟ್ರು ಕೂಡ ಕನ್ನಡಕ ಹಾಕ್ಕೊಂಡು ಓದಿ, ಭಾರಿ ಚೆನ್ನಾಗಿದೆ ಅಂದ್ರು!"

ಅಪ್ಪ ಮೂಲೆಯಲ್ಲಿ ಕೂತು ಬಿದಿರಿನ ಕೊಳವೆಯಿಂದ ಎಮ್ಮೆ ಮೊಸರು ಬಡಿಸಿಕೊಳ್ಳುತ್ತಿದ್ದವನು, "ನಾನು ಆವಾಗ್ಲೇ ಅಂದೆ," ಎಂದ ಮೆಲ್ಲಗೆ.

"ಏನಂದ್ರಿ? ಏನೂ ಅನ್ಲಿಲ್ಲ!"

"ಮನಸ್ಸಲ್ಲಿ ಅಂದೆ. ಈ ಮನೇಲಿ ನಾನು ಜೋರಾಗಿ ಯಾವಾಗ ಅಂದಿದ್ದೀನಿ?"

ಬೆಳಗ್ಗೆ ಅಮ್ಮನ ಜೊತೆ ಗದ್ದೆ, ಮಧ್ಯಾಹ್ನ ಖಾರ ಅರೆಯುವುದು, ಸಂಜೆ ಅಪ್ಪನ ಜೊತೆ ಕೊಳದ ಮೀನಿಗೆ ತೌಡು ಹಾಕುವುದು. ಯಾರ ಮನೆಗೆ ಹೋದರೂ ಅಮ್ಮ ಅವಳ ಮೊಣಕೈ ಹಿಡಿದು ಮುಂದೆ ತಳ್ಳುತ್ತಿದ್ದಳು. "ನನ್ನ ಮಗಳು! ಅವರ ಭಾಷೆಯಲ್ಲೇ ಪರೀಕ್ಷೆ ಬರೆದು ಪಾಸಾದವಳು!" ನೆಲ್ವಿಗೆ ನಾಚಿಕೆ. ಒಳಗೊಳಗೇ ಹೆಮ್ಮೆ.

ಆದರೆ ಮಂಗಳವಾರ ಮಾವ ಬಂದ. ಕೂತ. ಕಾಫಿ ಎಲೆಯ ಕಷಾಯ ಕುಡಿದ. ಗಂಟಲು ಸರಿಮಾಡಿಕೊಂಡ.

"ಬುಕಿಟಿಂಗ್ಗಿಯಲ್ಲಿ ಒಬ್ಬ ಹುಡುಗ ಇದಾನೆ. ಬ್ಯಾಂಕಿನಲ್ಲಿ ಅಧಿಕಾರಿ. ಭಾನುವಾರ ತಟ್ಟೆ ತಗೊಂಡು ಹೋಗೋಣ ಅಂತ ನಿಮ್ಮಮ್ಮ, ನಾನು ಮಾತಾಡಿದ್ದೀವಿ. ನಿನಗೀಗ ಇಪ್ಪತ್ತೊಂಬತ್ತು. ಈ ರಜೆ ಮುಗಿದ್ರೆ ಇನ್ನು ಯಾವಾಗ ಬರ್ತೀಯೋ. ಬೇಡ ಅನ್ನೋದಿದ್ರೆ ಶನಿವಾರದೊಳಗೆ ಹೇಳ್ಬಿಡು."

ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

ಬೇಡ ಅನ್ನಬೇಕು. ಆದರೆ ಯಾಕೆ ಬೇಡ ಎಂದರೆ ಏನು ಹೇಳಲಿ? 'ನನ್ನನ್ನು ಒಲ್ಲೆ ಅಂದವನು ಇನ್ನೂ ಎದೆಯಲ್ಲಿ ಕೂತಿದಾನೆ ಅಂತ ಹೇಳಲಾ?'

"ನೋಡೋಣ ಮಾವ..." ಎಂದಳು.

*

ಬುಧವಾರ. ಕತ್ತಿ ಬಟ್ಟೆಯಲ್ಲಿ ಸುತ್ತಿ ಸಿದ್ಧವಾಗಿತ್ತು.

"ಮೂರು ದಿನ ಹಿಡೀತು," ಎಂದ ಮಸ್ರುಲ್. "ನಮ್ಮ ಸಾಣೆಕಲ್ಲಿಗೆ ಇದು ಬಗ್ಗಲ್ಲ. ಸೊಕ್ಕಿನ ಉಕ್ಕು. ತಂದವರ ಹಾಗೇ."

ಸಾಕಾಗಿಹೋಯಿತು ನೆಲ್ವಿಗೆ.

"ಸೊಕ್ಕಾ? ನನಗಾ?" ದನಿ ಏರಿತು. ಎದುರಿನ ಸಾಂಬಾರ ಪದಾರ್ಥದ ಅಂಗಡಿಯವಳು ತಕ್ಕಡಿ ಕೆಳಗಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡಳು. "ನಮ್ಮ ಮಾವ, ಅಷ್ಟು ದೊಡ್ಡ ಮನುಷ್ಯ, ತಟ್ಟೆ ಹೊತ್ಕೊಂಡು ನಿಮ್ಮನೆ ಬಾಗಿಲಿಗೆ ಬಂದ್ರು. ನೀವು ಒಂದು ಎಲೆ ಮುಟ್ಲಿಲ್ಲ! ಇಡೀ ಊರು ನಕ್ಕಿತು ನನ್ನ ನೋಡಿ. ಸೊಕ್ಕು ಯಾರದ್ದು, ಮಸ್ರುಲ್ ಉದಾ?"

ತನಗಿಂತ ದೊಡ್ಡ ಗಂಡಸನ್ನು ಇಲ್ಲಿ ಹೆಣ್ಣುಮಕ್ಕಳು ಹಾಗೇ ಕರೆಯುವುದು, ಉದಾ ಎಂದು. ಸಿಟ್ಟಿನಲ್ಲೂ ಆ ಮಾತು ಬಿಡಲಿಲ್ಲ ಅವಳು. ಅದು ಅವನಿಗೆ ಎಲ್ಲಿ ತಗುಲಿತೋ!

ಸುತ್ತಿಗೆ ಕೆಳಗಿಟ್ಟ.

"ಬಂದ್ರು. ಎಷ್ಟು ಸಲ ಬಂದ್ರು?"

"ಎಷ್ಟು ಸಲ ಅಂದ್ರೆ? ಒಂದು ಸಲ!"

"ಅದೇ! ಒಂದೇ ಸಲ!" ಅವನ ಕಣ್ಣು ಕೆಂಪಾದವು, ಹೊಗೆಯಿಂದಲ್ಲ. "ಒಂದು ಸಲ ಬಂದು, ಕಾಲ ಧೂಳು ಕೊಡವಿ ಹೋದೋರು ಮತ್ತೆ ತಲೆ ಹಾಕ್ಲಿಲ್ಲ. ನಮ್ಮಮ್ಮ ಪ್ರತಿ ಭಾನುವಾರ ಅಂಗಳ ಗುಡಿಸಿ, ಹೊಸ ಚಾಪೆ ಹಾಸಿ ಕೂತ್ಕೊಂಡ್ಳು. ನಾಲ್ಕು ತಿಂಗಳು! ನಮ್ಮೂರಲ್ಲೂ ಜನ ನಕ್ರು ನೆಲ್ವಿ. 'ನೋಡೋಕೆ ಬಂದ್ರು, ಕಮ್ಮಾರನ ಮನೆ ಇಷ್ಟೇನಾ ಅಂತ ಹೋದ್ರು' ಅಂತ."

"ಇಲ್ಲ ಅಂದಮೇಲೆ ಯಾಕೆ ಬರ್ತಾರೆ?"

"ಇಲ್ಲ ಅಂದೋರು ಯಾರು?"

"ನಿಮ್ಮಮ್ಮ! ಹುಡುಗ ಇನ್ನೂ ಕಬ್ಬಿಣ ಬಡೀತಿದಾನೆ ಅಂದ್ರಂತೆ."

"ಮೊದಲ ಸಲ ಹಾಗೇ ಅನ್ನೋದು!" ಅವನು ಕೂಗಿಯೇಬಿಟ್ಟ. "ನಮ್ಮೂರಲ್ಲಿ ಎಲ್ಲರೂ ಹಾಗೇ ಅನ್ನೋದು! ಮೊದಲ ಸಲ ಎಲೆ ಮುಟ್ಟಲ್ಲ. ಎರಡನೇ ಸಲವೂ ಮುಟ್ಟಲ್ಲ. ಮೂರನೇ ಸಲ ತಗೋತಾರೆ. ಒಂದೇ ಸಲಕ್ಕೆ ಕೊಟ್ಟರೆ ಆ ಗಂಡು ಯಾರಿಗೂ ಬೇಡವಾದೋನು ಅಂತ ಅರ್ಥ. ನಿನಗೆ... ನಿಮಗೆ ಯಾರಿಗೂ ಇದು ಗೊತ್ತಿರಲಿಲ್ವಾ?"

ನೆಲ್ವಿ ಹಲಗೆ ಹಿಡಿದುಕೊಂಡಳು.

ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ! ಆ ಊರಿಗೂ ಈ ಊರಿಗೂ ಮದುವೆ ನಡೆದದ್ದನ್ನು ಕಂಡವರೇ ಬದುಕಿರಲಿಲ್ಲ. ಒಂದು ಗುಡ್ಡ ದಾಟಿದರೆ ಇನ್ನೊಂದು ರೂಢಿ. ಆಚೆಯವರು ಕಾದರು, ಈಚೆಯವರು ಕುದ್ದರು. ಆರು ವರ್ಷ!

"ನೀವು... ಒಂದು ಮಾತು ನನಗೆ ಹೇಳಬಹುದಿತ್ತಲ್ಲ?"

"ಏನಂತ? 'ನನ್ನನ್ನ ಇನ್ನೊಂದ್ಸಲ ಕೇಳಿ' ಅಂತ ಗಂಡಸು ಬಂದು ಹೇಳ್ತಾನಾ? ನಮ್ಮಮ್ಮನ ಮುಖ ಎಲ್ಲಿಡಬೇಕಿತ್ತು? ಅಷ್ಟರಲ್ಲಿ ನೀನು ವಿಮಾನ ಹತ್ತಿದ್ದೆ."

ಅವಳಿಗೆ ಕೇಳಲೇಬೇಕಾದ ಮಾತು ಒಂದೇ ಉಳಿದಿತ್ತು. ಅದನ್ನು ಕೇಳಲು ಆರು ವರ್ಷದ ಬಿಗುಮಾನವನ್ನೆಲ್ಲ ನುಂಗಬೇಕಾಯಿತು.

"ಮೂರನೇ ಸಲ ಬಂದಿದ್ರೆ... ಏನಂತಿದ್ರಿ?"

ಮಸ್ರುಲ್ ಬಟ್ಟೆ ಸುತ್ತಿದ ಕತ್ತಿಯನ್ನು ಅವಳ ಕಡೆ ಸರಿಸಿದ.

"ನಿಮ್ಮ ಮಾವ ಮೊದಲ ಸಲ ಮೆಟ್ಟಿಲು ಇಳಿದು ಹೋದ ತಕ್ಷಣ ಅಮ್ಮನಿಗೆ ಹೇಳಿದ್ದೆ. ಮೂರನೇ ಸಲಕ್ಕೆ ಹೂಂ ಅನ್ನು, ಒಂದು ಕ್ಷಣವೂ ತಡ ಮಾಡಬೇಡ ಅಂತ. ಆಮೇಲೆ ನಾಲ್ಕು ಮನೆಯೋರು ತಟ್ಟೆ ತಂದ್ರು. ಮೂರು ಮೂರು ಸಲ ಬಂದ್ರು. ಯಾರ ಎಲೇನೂ ಮುಟ್ಟಬೇಡ ಅಂದೆ."

ಎದುರಿನ ಅಂಗಡಿಯವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೆಣಸಿನಕಾಯಿಯ ಘಾಟು ಎಂದು ಆಮೇಲೆ ಎಲ್ಲರಿಗೂ ಹೇಳಿದಳು.

*

"ಆಗಲ್ಲ!"

ದಾತುಕ್ ಎದ್ದೇ ನಿಂತ. "ಎರಡನೇ ಸಲ? ನಾನು? ಈ ಪಟ್ಟ ನಮ್ಮ ಕುಲದಲ್ಲಿ ಒಂಬತ್ತು ತಲೆಯಿಂದ ಬಂದಿದೆ ನೆಲ್ವಿ. ಒಂಬತ್ತು ಜನರಲ್ಲಿ ಒಬ್ಬನೂ ಒಂದು ಬಾಗಿಲಿಗೆ ಎರಡು ಸಲ ಹೋಗಿಲ್ಲ!"

"ಅವರ ರೂಢಿ ಬೇರೆ ಮಾವ. ಅದು ಅವಮಾನ ಅಲ್ಲ."

"ನಮ್ಮೂರಿಗೆ ಅವಮಾನ! ದಾತುಕ್ ಸೋದರಸೊಸೆಗೆ ಗಂಡು ಬೇಡೋಕೆ ಹೋದ ಅಂತಾರೆ. ಪರದೇಶದಿಂದ ಬಂದ ಹುಡುಗಿಗೆ ಒಬ್ಬ ಕಮ್ಮಾರನೂ ಸುಲಭಕ್ಕೆ ಸಿಗಲಿಲ್ಲ ಅಂತಾರೆ."

ಒಬ್ಬ ಕಮ್ಮಾರನೂ! ಆ ಒಂದು 'ಊ'ಕಾರದಲ್ಲಿ ಎಷ್ಟು ವಿಷ! ಊರಿನ ಅನ್ನ ಬೆಳೆಯುವ ಪ್ರತಿ ಗುದ್ದಲಿ ಅವನ ಕೈಯಿಂದ ಬಂದದ್ದು. ಶಾಲೆ ಬಿಟ್ಟವನಂತೆ! ಬಿಟ್ಟಿರಬಹುದು. ಬೆಂಕಿಯ ಬಣ್ಣ ನೋಡಿ ಕಬ್ಬಿಣದ ಮನಸ್ಸು ಓದುವುದನ್ನು ಯಾವ ಶಾಲೆ ಕಲಿಸುತ್ತದೆ?

ನೆಲ್ವಿ ಎದ್ದು ಹೋಗಿ ಗೋಡೆಯ ಚೌಕಟ್ಟನ್ನು ಇಳಿಸಿ ತಂದು ಮಾವನ ಮುಂದೆ ಇಟ್ಟಳು.

"ಇದನ್ನ ನೋಡಿ ನಿಮಗೆ ಹೆಮ್ಮೆ ಅಲ್ವಾ ಮಾವ?"

"ಇದೇನು ಕೇಳೋ ಮಾತೇ? ಯಾರ ಮಗಳಿಗಿದೆ ಇಂಥದ್ದು!"

"ನಾನು ಈ ಪರೀಕ್ಷೆ ಮೊದಲ ಸಲ ಫೇಲಾದೆ."

ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಎರಡನೇ ಸಲವೂ ಫೇಲಾದೆ. ಫೋನಿನಲ್ಲಿ ನಿಮಗೆ ಹೇಳಲಿಲ್ಲ, ಪರೀಕ್ಷೆ ಮುಂದಕ್ಕೆ ಹೋಯ್ತು ಅಂದೆ. ಸ್ನಾನದ ಮನೇಲಿ ನಲ್ಲಿ ಬಿಟ್ಕೊಂಡು ಅತ್ತೆ. ಇನ್ನೊಂದ್ಸಲ ಕೂತ್ಕೊಳ್ಳೋಕೆ ನಾಚಿಕೆ ಆಗ್ಲಿಲ್ವಾ? ಆಯ್ತು. ಜೊತೆಗೆ ಬಂದೋರೆಲ್ಲ ವಾಪಸು ಹೊರಟ್ರು. ನಾನು ಕೂತೆ." ಅವಳ ತಲೆ ತಗ್ಗಲಿಲ್ಲ. "ಊರೆಲ್ಲ ಬಂದು ನೋಡಿ ಹೋದದ್ದು ಮೂರನೇ ಸಲದ್ದು ಮಾವ. ಒಂದೇ ಸಲಕ್ಕೆ ಸಿಕ್ಕಿದ್ರೆ ನನಗೂ ಇಷ್ಟು ಹೆಮ್ಮೆ ಇರ್ತಿರಲಿಲ್ಲ."



ರೊಸ್ನಿದಾ ಬಂದು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. "ಒಬ್ಬಳೇ ಅತ್ತೆಯಾ? ಅಷ್ಟು ದೂರದಲ್ಲಿ... ಒಬ್ಬಳೇ?"

ಆಗ ಮೂಲೆಯಿಂದ ಅಪ್ಪನ ದನಿ ಬಂತು. ಜೋರಾಗಿಯೇ ಬಂತು.

"ರೊಸ್ನಿದಾ, ನನ್ನನ್ನ ಎಷ್ಟು ಸಲ ಕೇಳಿದ್ರಿ?"

"ಒಂದೇ ಸಲ! ತಟ್ಟೆ ಕೆಳಗಿಡೋಕೆ ಮುಂಚೆ ನಿಮ್ಮಮ್ಮ ಎಲೆ ಬಾಯಿಗೆ ಹಾಕ್ಕೊಂಡಿದ್ರು!"

"ಅದಕ್ಕೇ ನೋಡಿ ಭಾವ," ಎಂದ ಅಪ್ಪ ದಾತುಕ್ ಕಡೆ ತಿರುಗಿ, "ಮೂವತ್ತೆರಡು ವರ್ಷದಿಂದ ಈ ಮನೇಲಿ ನನಗೆ ಬೆಲೆ ಇಲ್ಲ. ಈ ಅಳಿಯನಿಗಾದ್ರೂ ಇರಲಿ."

ಮೊದಲು ನಕ್ಕದ್ದು ಅಮ್ಮ. ಆಮೇಲೆ ನೆಲ್ವಿ. ಕೊನೆಗೆ, ಮೀಸೆಯ ಕೆಳಗೆ ತಡೆದು ತಡೆದು ಸಾಕಾಗಿ, ಒಂಬತ್ತನೆಯ ದಾತುಕ್.

"ಭಾನುವಾರ ತಟ್ಟೆ ಹೊರಡೋದು ಹೇಗೂ ನಿಶ್ಚಯ ಆಗಿದೆ," ಎಂದು ಗೊಣಗಿದ. "ದಾರಿ ಬದಲಾಯಿಸಿದ್ರೆ ಆಯ್ತು."

*

ಹುಡುಗಿ ತಟ್ಟೆಯ ಜೊತೆ ಹೋಗುವಂತಿಲ್ಲ. ಆದರೂ ನೆಲ್ವಿ ಹೊರಟಳು. ಮಸ್ರುಲ್‌ನ ಊರಿನ ಬಾಗಿಲಲ್ಲೇ ಇದ್ದ ಕಾಫಿ ಅಂಗಡಿಯಲ್ಲಿ ಅಪ್ಪನ ಜೊತೆ ಕೂತಳು. ಮಾವ, ಅಮ್ಮ, ಆರು ಜನ ಹೆಂಗಸರು, ಕಸೂತಿ ಬಟ್ಟೆ ಮುಚ್ಚಿದ ತಟ್ಟೆ, ಎಲ್ಲ ತಿರುವಿನಲ್ಲಿ ಮರೆಯಾದವು.

ಅರ್ಧ ಗಂಟೆಗೆ ವಾಪಸು ಬಂದರು. ಎಲೆಗಳು ಹಾಗೇ ಇದ್ದವು. ಹೀಗೇ ಆಗುವುದೆಂದು ಗೊತ್ತಿದ್ದರೂ ನೆಲ್ವಿ ಎದ್ದು ನಿಂತಳು.

"ಹುಡುಗ ಇನ್ನೂ ಕಬ್ಬಿಣ ಬಡೀತಿದಾನಂತೆ!" ಮಾವ ಕುರ್ಚಿ ಎಳೆದು ಕೂತ. "ಅದೇ ಮಾತು! ಒಂದಕ್ಷರ ಬದಲಾಯಿಸಲಿಲ್ಲ ಆ ಹೆಂಗಸು. ನಗು ತಡ್ಕೊಳ್ಳೋಕಾಗದೆ ಸೆರಗು ಬಾಯಿಗೆ ಒತ್ಕೊಂಡಿದ್ಲು, ನಾನು ನೋಡ್ದೆ."

"ಇನ್ನು ಯಾವಾಗ ಹೋಗ್ಬೇಕು?" ಎಂದಳು ನೆಲ್ವಿ.

"ಯಾವಾಗ ಅಂದ್ರೆ? ಈಗ!" ದಾತುಕ್ ರುಮಾಲು ಬಿಗಿದ. "ಮೂರು ಸಲ ಅಂದ್ರೆ ಮೂರು ಸಲ. ನಡುವೆ ಇಷ್ಟು ದಿನ ಇರಬೇಕು ಅಂತ ಅವರ ರೂಢಿಯಲ್ಲಿದೆಯಾ? ವಿಚಾರಿಸ್ದೆ, ಇಲ್ವಂತೆ! ಆದ್ರೆ ಎಲೆ ಹೊಸದಿರಬೇಕಂತೆ."

ಹೊಸ ಎಲೆ ಎಲ್ಲಿಂದ ತರುವುದು? ಅಂಗಡಿಯ ಮುದುಕಿಗೆ ಯಾರೂ ಕೇಳುವ ಮುಂಚೆಯೇ ಎಲ್ಲ ಅರ್ಥವಾಗಿತ್ತು. ಹಿತ್ತಲಿಗೆ ಹೋಗಿ ಬಳ್ಳಿಯಿಂದ ಒಂದು ಹಿಡಿ ಎಲೆ ಕಿತ್ತು ತಂದಳು.

"ಮಸ್ರುಲ್‌ಗೇ ತಾನೆ?" ಎಂದಳು. "ತಗೊಳ್ಳಿ, ತಗೊಳ್ಳಿ. ಆ ಹುಡುಗನ ಮನೆಯ ಖಾಲಿ ಅಂಗಳ ನೋಡಿ ನೋಡಿ ನಮಗೇ ಕಣ್ಣು ನೋಯ್ತಿತ್ತು."

ಮೆರವಣಿಗೆ ಮತ್ತೆ ಹೊರಟಿತು. ಈ ಸಲ ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು. ದಾತುಕ್ ತಲೆ ಎತ್ತಿ ನಡೆದ. ಬೇಡಲು ಹೋಗುವವನ ನಡಿಗೆಯಲ್ಲ ಅದು, ಬೆಲೆ ಬಲ್ಲವನ ನಡಿಗೆ!

ನೆಲ್ವಿ ಕಾದಳು. ಕಾಫಿ ತಣ್ಣಗಾಯಿತು. ಅಪ್ಪ ಅವಳ ಕೈ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಒಂದು ಗಂಟೆಯಾಯಿತು. 'ಅವರಮ್ಮ ಮನಸ್ಸು ಬದಲಾಯಿಸಿದ್ರೆ? ಆ ನಾಲ್ಕು ತಿಂಗಳ ನೋವು ಇನ್ನೂ ಇದ್ರೆ? ಈ ಸಲವೂ ಎಲೆ ಹಾಗೇ ಬಂದ್ರೆ...'

ತಿರುವಿನಲ್ಲಿ ಕಪ್ಪು ರುಮಾಲು ಕಾಣಿಸಿತು.

ಮಾವ ಹತ್ತಿರ ಬಂದ. ಬಾಯಿ ಬಿಟ್ಟು ನಕ್ಕ.

ತುಟಿ, ಹಲ್ಲು, ನಾಲಿಗೆ ಎಲ್ಲ ಕೆಂಪು!

"ತಿಂದ್ರು!" ಅಮ್ಮ ಹಿಂದಿನಿಂದ ಓಡಿಬಂದಳು, ಅವಳ ತುಟಿಯೂ ಕೆಂಪು. "ತಟ್ಟೆ ಇಡ್ತಿದ್ದ ಹಾಗೇ ಅವರಮ್ಮ ಎಲೆ ತಗೊಂಡು ಬಾಯಿಗೆ ಹಾಕ್ಕೊಂಡ್ರು ಕಣೇ! ಆಮೇಲೆ ನಾವಿಬ್ಬರೂ ಹಿಡ್ಕೊಂಡು ಅತ್ವಿ. ಅದಕ್ಕೇ ತಡ ಆಯ್ತು!"

"ಮೂರು ಸಲ ಕೇಳಿ ತಂದ ಅಳಿಯ!" ದಾತುಕ್ ಅಂಗಡಿಗೆಲ್ಲ ಕೇಳುವಂತೆ ಸಾರಿದ. "ನಮ್ಮೂರಲ್ಲಿ ಯಾರ ಮನೇಲಿದಾನೆ ಇಂಥ ಅಳಿಯ? ತೋರಿಸಿ ನೋಡೋಣ! ನಾಳೆ ಬೆಳಗ್ಗೆ ಸಂತೆಬೀದಿಯಲ್ಲಿ ನಿಂತು ಕೇಳ್ತೀನಿ!"

ನೆಲ್ವಿ ಅಳುತ್ತಿದ್ದಳೋ, ನಗುತ್ತಿದ್ದಳೋ, ಅವಳಿಗೇ ತಿಳಿಯಲಿಲ್ಲ.

*

ಸ್ವಲ್ಪ ಹೊತ್ತಿನ ಮೇಲೆ ಮಸ್ರುಲ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಆದರೆ ಉಗುರಿನ ಸಂದಿಯಲ್ಲಿ ಮಸಿ ಹಾಗೇ ಇತ್ತು. ಎಲ್ಲರೂ ಏನೋ ಕೆಲಸ ನೆನಪಾದವರಂತೆ ಅಂಗಡಿಯ ಒಳಗೆ ಸರಿದರು. ಕಿಟಕಿಯಲ್ಲಿ ಎಂಟು ತಲೆ.

ಮೇಜಿನ ಆಚೆ ಅವನು, ಈಚೆ ಅವಳು.

"ಒಂದು ಮಾತು ಮೊದಲೇ ಹೇಳ್ಬೇಕು ಉದಾ," ಎಂದಳು. "ರಜೆ ಮುಗಿದ ಮೇಲೆ ನಾನು ಹೋಗ್ತೀನಿ. ಇನ್ನೂ ಒಂದು ವರ್ಷದ ಕರಾರು ಇದೆ. ಅಲ್ಲಿ ನಾನು ನೋಡ್ಕೊಳ್ಳೋ ಅಜ್ಜಿಯಂದಿರು ಕಾಯ್ತಿದಾರೆ, ಒಬ್ಬಳಿಗೆ ತೊಂಬತ್ತಾರು. ಬಿಟ್ಟು ಬರೋಕಾಗಲ್ಲ. ಬಿಡೋಕೆ ನನಗೆ ಇಷ್ಟವೂ ಇಲ್ಲ."

"ಬಿಡು ಅಂತ ಯಾರಂದ್ರು?"

"ನೀವು ನಮ್ಮನೇಲಿ ಇರ್ತೀರ. ನಾನು ಇರಲ್ಲ. ನಮ್ಮ ಕಡೆ ಗಂಡಸರು ದೂರದೇಶಕ್ಕೆ ಹೋಗೋದು, ಹೆಂಗಸರು ಮನೇಲಿ ಕಾಯೋದು. ಜನ ಸುಮ್ನಿರ್ತಾರಾ? 'ಹೆಂಡ್ತಿ ದಾರಿ ಕಾಯೋ ಗಂಡ' ಅಂತ ಆಡ್ಕೊಳ್ತಾರೆ. ನಾಚಿಕೆ ಆಗಲ್ವಾ ನಿಮಗೆ?"

ಮಸ್ರುಲ್ ಅವಳ ಕಣ್ಣನ್ನೇ ನೋಡಿದ. ಕುಲುಮೆಯ ಎದುರಿನ ಸಿಟ್ಟು ಎಲ್ಲಿ ಹೋಗಿತ್ತೋ, ಮುಖ ತಿಳಿಯಾಗಿತ್ತು.

"ಆರು ವರ್ಷ ಯಾರಿಗೂ ಹೇಳದೆ ಕಾದಿದ್ದೀನಿ ನೆಲ್ವಿ," ಎಂದ. "ಈಗ ಒಂದು ವರ್ಷ, ಎಲ್ಲರಿಗೂ ಹೇಳ್ಕೊಂಡು ಕಾಯ್ತೀನಿ."